ಸೀತಮ್ಮನವರು ಖಾಲಿ ಡಬ್ಬಿ ಕಳಿಸಿದ್ದು

ಕತ್ರಿಗುಪ್ಪೆಯಲ್ಲಿ ಗುರುಬಸಪ್ಪನ ಪಾತ್ರೆ ಅಂಗಡಿ ಯಾರಿಗೆ ಗೊತ್ತಿಲ್ಲ? ಬೋರ್ಡಿನ ಮೇಲೆ ಹೆಸರು ಅವನದು, ಆದರೆ ಜನ ಬರುವುದು ಅವನ ಹೆಂಡತಿ ಕಮಲಾದೇವಿಯ ಕೈಗಾಗಿ. ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಹೋಗುವುದಿಲ್ಲ. ಹೆಸರು ಹಾಕುವ ಮಷಿನ್ ಹಿಡಿದು ಅವಳು ಕೂತಳೆಂದರೆ ಚೊಂಬಿನ ಕುತ್ತಿಗೆಯ ಮೇಲೂ ಅಕ್ಷರ ಗುಂಡಗೆ ಕೂರುತ್ತದೆ. ಪಾತ್ರೆಗೆ ಹೆಸರು ಯಾಕೆ ಬೇಕು ಎಂದು ಈಗಿನ ಹುಡುಗರು ಕೇಳುತ್ತಾರೆ. ಮನೆಯಲ್ಲೇ ಬಿದ್ದಿರುವ ಪಾತ್ರೆಗೆ ಬೇಡ ಸ್ವಾಮಿ, ಮನೆಮನೆ ಸುತ್ತುವ ಪಾತ್ರೆಗೆ ಬೇಕು. ಹೋದದ್ದು ತಿರುಗಿ ಬರಬೇಕಲ್ಲ!

ಗೌರಿ ಹಬ್ಬ ಹತ್ತಿರ ಬಂದಿತ್ತು. ಬೆಳಿಗ್ಗೆ ಕಮಲಾದೇವಿ ಅಂಗಡಿಯ ಶಟರ್ ಎತ್ತಿ, ಬಾಗಿಲಿಗೆ ನೀರು ಚಿಮುಕಿಸುತ್ತಿದ್ದಾಗ ಹಿಂದಿನ ಕ್ರಾಸಿನ ಸೀತಮ್ಮನವರ ಗಂಡ ಸೇತುರಾಮ ರಾಯರು ಬಂದರು. ಕೈಯಲ್ಲಿ ಕಮಲಾದೇವಿಯದೇ ಸ್ಟೀಲ್ ಡಬ್ಬಿ. ಮುಖ ಇಂಗು ತಿಂದ ಮಂಗನ ಹಾಗಿತ್ತು.

"ನಮ್ಮಾಕೆ ಇದನ್ನ ಕೊಟ್ಬನ್ನಿ ಅಂದ್ಳಮ್ಮ."

"ಕೂತ್ಕೊಳ್ಳಿ ರಾಯ್ರೇ, ಕಾಫಿ ತರಿಸ್ತೀನಿ."

"ಬೇಡ ಬೇಡ, ಕೆಲಸ ಇದೆ."

ರಿಟೈರಾಗಿ ಎಷ್ಟೋ ವರ್ಷವಾದ ಮನುಷ್ಯನಿಗೆ ಬೆಳ್ಳಂಬೆಳಿಗ್ಗೆ ಎಂಥ ಕೆಲಸ? ಚಪ್ಪಲಿ ಸದ್ದು ಮಾಡದೆ ಹೊರಟೇಹೋದರು. ಕಮಲಾದೇವಿ ಡಬ್ಬಿ ಎತ್ತಿದಳು. ಹಗುರವಾಗಿತ್ತು. ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿ ಕಳಿಸಿದ್ದರು. ಒಂದು ಎಸಳು ಕರಿಬೇವು ಕೂಡ ಇಲ್ಲ.

ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸುವುದೆಂದರೆ ಏನರ್ಥ ಎಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ಸೀತಮ್ಮನವರು ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದರೂ ವಾಸಿಯಿತ್ತು.

ಆ ಡಬ್ಬಿ ಎರಡು ಮನೆಗಳ ನಡುವೆ ಓಡಾಡತೊಡಗಿ ಒಂದು ತಲೆಮಾರೇ ಆಗಿತ್ತು. ಕಮಲಾದೇವಿ ಮದುವೆಯಾಗಿ ರಾಣೆಬೆನ್ನೂರಿನಿಂದ ಬಂದಾಗ ಅವಳಿಗೆ ಈ ಊರಿನ ಮಾತೂ ಹೊಸದು, ನಡೆಯೂ ಹೊಸದು. ಗಂಡ ಅಂಗಡಿಯಲ್ಲಿ, ಅತ್ತೆ ಬೈಗುಳದಲ್ಲಿ. ಆಗ ಕೈಹಿಡಿದು ಬಸ್ಸು ತೋರಿಸಿದವರು, ಅತ್ತೆಗೆ ಹೇಗೆ ಉತ್ತರ ಕೊಟ್ಟರೆ ಉರಿಯುವುದಿಲ್ಲ ಎಂದು ಹೇಳಿಕೊಟ್ಟವರು ಸೀತಮ್ಮನವರು. ಹೆತ್ತ ತಾಯಿ ದೂರ ಇದ್ದಳು, ಇವರು ಹಿಂದಿನ ಕ್ರಾಸಿನಲ್ಲಿದ್ದರು.

ಒಂದೇ ಒಂದು ಕೊರತೆ ಇತ್ತು. ಸೀತಮ್ಮನವರು ಮಡಿಯವರು. ಬೇರೆ ಮನೆಯಲ್ಲಿ ಬೇಯಿಸಿದ್ದನ್ನು ಬಾಯಿಗಿಡುವವರಲ್ಲ. ಹಾಗಾಗಿ ಇಲ್ಲಿಂದ ಹೋಗುತ್ತಿದ್ದದ್ದು ನುಗ್ಗೆಕಾಯಿ, ಅವರೆಕಾಳು, ಊರಿನ ಮೆಣಸಿನಕಾಯಿ. ಅಲ್ಲಿಂದ ಬರುತ್ತಿದ್ದದ್ದು ಗೊಜ್ಜವಲಕ್ಕಿ, ಹುಗ್ಗಿ, ಸಜ್ಜಿಗೆ. ಮೊದಮೊದಲು ಇದು ಕಮಲಾದೇವಿಯನ್ನು ಚುಚ್ಚುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆದರೂ ತಾನು ಮಾಡಿದ ಹೋಳಿಗೆಯನ್ನು ಆ ಹೆಂಗಸು ಒಂದು ಸಲ ತಿಂದು "ಚೆನ್ನಾಗಿದೆ ಕಣೇ" ಅನ್ನಬೇಕು ಎಂಬ ಆಸೆ ಒಳಗೇ ಉಳಿದುಬಿಟ್ಟಿತ್ತು.

ಅದನ್ನು ತೀರಿಸಿದ್ದು ಫೋನಿನ ಒಂದು ಆಟ. ಹೆಸರು 'ಹಿತ್ತಲು'. ಕೊರೊನಾ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಸುಶ್ರುತ ಎಂಬ ಹುಡುಗ ಜೆ.ಪಿ. ನಗರದ ಒಂದು ಮಹಡಿ ಕೋಣೆಯಲ್ಲಿ ಗೆಳೆಯನ ಜೊತೆ ಸೇರಿ ಮಾಡಿದ ಕನ್ನಡದ ಆಟ. ಬೀಜ ಹಾಕಬೇಕು, ನೀರು ಹೊಯ್ಯಬೇಕು, ಬೆಳೆದದ್ದನ್ನು ಕುಯ್ದು ಒಲೆಯ ಮೇಲೆ ಬೇಯಿಸಿ, ಪಾತ್ರೆಗೆ ತುಂಬಿ ಬೀದಿಯ ಗೆಳತಿಯರಿಗೆ ಕಳಿಸಬೇಕು. ಅಷ್ಟೇ ಆಟ. ಗೆಲ್ಲುವುದಿಲ್ಲ, ಸೋಲುವುದಿಲ್ಲ. ಕಮಲಾದೇವಿ ಮೊದಲ ಸಲ ಅದರಲ್ಲಿ ಹೋಳಿಗೆ ಕಳಿಸಿ ಹೆದರುತ್ತಾ ಫೋನ್ ಮಾಡಿದರೆ ಸೀತಮ್ಮನವರು ನಕ್ಕುಬಿಟ್ಟಿದ್ದರು. "ಫೋನಲ್ಲಿ ಎಂಥಾ ಮೈಲಿಗೆಯೇ? ಇನ್ನೂ ಎರಡು ಕಳಿಸು!"

ಅಂದಿನಿಂದ ಇಬ್ಬರಿಗೂ ಅದೇ ಹುಚ್ಚು. ಬೀದಿಯಿಂದ ಬೀದಿಗೆ ಹಬ್ಬಿ ಹೆಂಗಸರದೊಂದು ವಾಟ್ಸಾಪ್ ಗುಂಪೇ ಆಯಿತು. ಗುರುಬಸಪ್ಪ ಮಾತ್ರ, "ನಿಜವಾದ ಕುಂಡದ ತುಳಸಿ ಒಣಗಿದೆ, ಫೋನಲ್ಲಿ ಬದನೆಕಾಯಿ ಬೆಳೀತಾಳೆ," ಎಂದು ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದ.

ಚೆನ್ನಾಗಿರುವುದನ್ನು ಚೆನ್ನಾಗಿರಲು ಬಿಟ್ಟರೆ ಲೋಕಕ್ಕೆ ನಿದ್ದೆ ಬರುವುದಿಲ್ಲ. ಆಟಕ್ಕೆ ಹೊರಗಿನವರ ಬಂಡವಾಳ ಬಂತು. ಜರಗನಹಳ್ಳಿಯ ಹತ್ತಿರ ಕನಕಪುರ ರಸ್ತೆಗೆ ಮುಖ ಮಾಡಿದ ಗಾಜಿನ ಕಟ್ಟಡಕ್ಕೆ ಕಂಪನಿ ಹೋಯಿತು, ಅದಕ್ಕೊಂದು ಹೆಸರೂ ಬಂತು, 'ಎಳೆಬಿಸಿಲು'. ಗಿಡಕ್ಕೆ ನೀರು ಹಾಕುವ ಮೊದಲು ಜಾಹೀರಾತು ನೋಡಬೇಕಾಯಿತು. ಬದನೆ ಕಾಯಿ ಬಿಡುವುದು ನಿಧಾನವಾಯಿತು, ಬೇಗ ಬೇಕಾದರೆ ಗೊಬ್ಬರ ಕೊಳ್ಳಬೇಕಾಯಿತು. ಗುಂಪಿನಲ್ಲಿ ದಿನಾ ಗೊಣಗಾಟ. ಆದರೂ ಯಾರೂ ಬಿಡಲಿಲ್ಲ. ಸಾಕಿದ ಗಿಡವನ್ನು ಹೇಗೆ ಬಿಡುವುದು?

ಖಾಲಿ ಡಬ್ಬಿಯನ್ನು ಮುಂದಿಟ್ಟುಕೊಂಡು ಕಮಲಾದೇವಿ ಫೋನ್ ತೆಗೆದಳು. ಆಟ ಹೊಸದಾಗಿ ಬದಲಾಗಿತ್ತು. ತೆರೆಯುತ್ತಿದ್ದಂತೆ ಒಂದು ಹೆಂಗಸಿನ ದನಿ ಕೇಳಿಸಿತು: "ನಮ್ಮಲ್ಲಿ ಯಾರೂ ಖಾಲಿ ಪಾತ್ರೆ ವಾಪಸ್ ಕಳ್ಸಲ್ಲ!"

ಅದು ಅವಳದೇ ದನಿ.

ಕೆಳಗೆ ಬೀದಿ ಹಲಗೆ ಎಂದು ಒಂದು ಹೊಸ ಬೋರ್ಡು, ಬೀದಿಯ ಎಲ್ಲರಿಗೂ ಕಾಣುವಂತೆ. ಅದರಲ್ಲಿ ಕೆಂಪು ಅಕ್ಷರ: 'ಸೀತಮ್ಮ ಅವರು ಕಮಲಾದೇವಿ ಅವರ ಪಾತ್ರೆಯನ್ನು ಖಾಲಿ ಮರಳಿಸಿದ್ದಾರೆ.' ಪಕ್ಕದಲ್ಲಿ ಮುಖ ಸಿಂಡರಿಸಿದ ಬೊಂಬೆ.

ಏನಾಗಿದೆಯೆಂದು ಅವಳಿಗೆ ಹೊಳೆಯಿತು. ಹಿಂದಿನ ದಿನ ತಾನು ಆಟದಲ್ಲಿ ಹೋಳಿಗೆ ಕಳಿಸಿದ್ದಳು. ಸೀತಮ್ಮನವರ ಹಿತ್ತಲಲ್ಲಿ ಏನೂ ಕಾಯಿ ಬಿಟ್ಟಿರಲಿಲ್ಲ. ಹೊತ್ತು ಮೀರಿದ್ದೇ ಆಟ ತಾನಾಗಿ ಪಾತ್ರೆಯನ್ನು ಖಾಲಿ ತಿರುಗಿಸಿ, ಬೀದಿಗೆಲ್ಲ ಡಂಗುರ ಹೊಡೆದಿತ್ತು. ಹಾಗಾಗಬಾರದೆಂದರೆ ದುಡ್ಡು ಕೊಟ್ಟು 'ಮಾನದ ಬುಟ್ಟಿ' ಕೊಳ್ಳಬೇಕಿತ್ತು. ಹೌದು, ಅದಕ್ಕೆ ಇಟ್ಟ ಹೆಸರೇ ಅದು! ಸೀತಮ್ಮನವರ ಫೋನಿನಲ್ಲಿ ದುಡ್ಡು ಕಟ್ಟುವ ವ್ಯವಸ್ಥೆಯೇ ಇಲ್ಲ.

ಗುಂಪಿನಲ್ಲಿ ಬೆಂಕಿ ಬಿದ್ದಿತ್ತು. ಅಕ್ಕತಂಗಿಯರಂತಿದ್ದವರು ಒಬ್ಬರಿಗೊಬ್ಬರು ಪಾತ್ರೆ ಕಳಿಸುವುದನ್ನೇ ನಿಲ್ಲಿಸಿದ್ದರು. ಹೊಸಕೆರೆಹಳ್ಳಿಯ ರೇಣುಕವ್ವ ದನಿ ಸಂದೇಶ ಕಳಿಸಿದ್ದಳು: "ಇದು ಆಟ ಅಲ್ರೀ, ಮಾನ ಕಳಿಯೋ ದಂಧೆ ಐತಿ. ಈ ಬುದ್ಧಿ ಕಂಪನಿಗೆ ಹೇಳಿಕೊಟ್ಟಾಕಿ ಯಾಕಿ ಅದಾಳ, ಆಕೀನ್ನ ಮೊದ್ಲು ಹುಡುಕ್ರಿ."

ಹೇಳಿಕೊಟ್ಟವಳು ಕಮಲಾದೇವಿಯೇ ತಾನೆ. ಬೇಸಿಗೆಯಲ್ಲಿ ಕಂಪನಿಯವರು ಹಳೆಯ ಆಟಗಾರರನ್ನು ಕರೆದು ಮೈಸೂರುಪಾಕು ಕೊಟ್ಟು ಉಪಚರಿಸಿದ್ದರು. "ಆಂಟಿ, ಪಾತ್ರೆ ಬಗ್ಗೆ ನಿಮ್ಮಷ್ಟು ಗೊತ್ತಿರೋರು ಯಾರಿದ್ದಾರೆ? ಏನಾದ್ರೂ ಹೇಳಿ," ಎಂದು ಸುಶ್ರುತ ಕೇಳಿದ್ದ. ಹೊಗಳಿಕೆಗೆ ಉಬ್ಬಿ ಹೇಳಿದ್ದಳು. ಆಡಿದ್ದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅನ್ನುವುದು ಸಾಲಕ್ಕೆ ಮಾತ್ರವಲ್ಲ, ಮಾತಿಗೂ ಒಪ್ಪುತ್ತದೆ.

ದನಿಯನ್ನು ಗುಂಪಿನ ಉಳಿದವರು ಇನ್ನೂ ಗುರುತಿಸಿರಲಿಲ್ಲ. ಆದರೆ ಹಬ್ಬದ ಹಿಂದಿನ ದಿನ ಕಂಪನಿಯ ಆಫೀಸಿನಿಂದ ಲೈವ್ ಕಾರ್ಯಕ್ರಮವಿತ್ತು. ಅತಿಥಿ ಕಮಲಾದೇವಿ! ಅವಳು ಖುಷಿಯಿಂದ ಒಪ್ಪಿಕೊಂಡು, ಸೀರೆಗೆ ಹೊಸ ಬ್ಲೌಸ್ ಹೊಲಿಸಿಯೂ ಆಗಿತ್ತು. ಮುಖ ತೋರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಹೋಗದಿದ್ದರೆ ದನಿಯಂತೂ ದಿನಾ ಕೂಗುತ್ತಲೇ ಇರುತ್ತದೆ.

"ಹೋಗ್ಬೇಡ, ಸುಮ್ನಿರು," ಎಂದ ಗುರುಬಸಪ್ಪ. "ಹಬ್ಬ ಮುಗೀಲಿ, ಜನ ಮರೀತಾರೆ."

"ಜನ ಮರೀಬೋದು ರೀ. ಸೀತಮ್ಮನೋರು?"

ಅವನು ತೂಕದ ಬಟ್ಟು ಒರೆಸುತ್ತಾ ಕೂತ.

ಸಂಜೆ ಅವಳು ಡಬ್ಬಿಗೆ ಹಿತ್ತಾಳೆ ಬಣ್ಣದ ಬಾಳೆಹಣ್ಣಿನ ಚಿಪ್ಪೊಂದನ್ನು ತುಂಬಿಕೊಂಡು ಹಿಂದಿನ ಕ್ರಾಸಿಗೆ ಹೋದಳು. ಸೀತಮ್ಮನವರು ಬಾಗಿಲು ತೆಗೆದರು. ಒಳಗೆ ಬಾ ಅನ್ನಲಿಲ್ಲ. ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತರು. ಹಿಂದೆ ನಡುಮನೆಯಲ್ಲಿ ರಾಯರು ಪೇಪರಿನಲ್ಲಿ ಮುಖ ಹುದುಗಿಸಿದ್ದರು.

"ಸೀತಮ್ಮನೋರೇ, ಆ ಬೋರ್ಡಲ್ಲಿ ಬಂದಿದ್ದು ನಂಗೆ ಗೊತ್ತೇ ಇರ್ಲಿಲ್ಲ. ನಿಮ್ಮ ಹೆಸರು ಹಂಗೆ ಹಾಕ್ತಾರೆ ಅಂತ ಕನಸಲ್ಲೂ..."

"ಬೋರ್ಡು ಹಾಳಾಗ್ಲಿ," ಎಂದರು ಸೀತಮ್ಮನವರು. ದನಿ ಏರಿರಲಿಲ್ಲ, ಅದೇ ಭಯವಾಗುವಂತಿತ್ತು. "ಅದೊಂದು ಮಷಿನ್ನು. ಅದಕ್ಕೆ ಮಾನ ಗೊತ್ತಾ, ಮರ್ಯಾದೆ ಗೊತ್ತಾ? ನಾನು ಕೇಳ್ತಿರೋದು ನಿನ್ನ. ಆ ಮಾತು ಯಾರ್ದು?"

"ನಂದೇ. ಮೀಟಿಂಗಲ್ಲಿ ನಾನೇ ಹೇಳಿದ್ದು. ತಪ್ಪಾಯ್ತು."

"ನಿಂದಾ?"

ಕಮಲಾದೇವಿ ತಲೆ ಎತ್ತಿದಳು. ಸೀತಮ್ಮನವರ ಕಣ್ಣಲ್ಲಿ ನೀರಿತ್ತು. ಆಗ ನೆನಪಾಯಿತು. ಹೊಸ ಸೊಸೆಯಾಗಿ ಬಂದಾಗ, ಇದೇ ಬಾಗಿಲಲ್ಲಿ, ಇವರ ಗೊಜ್ಜವಲಕ್ಕಿಯ ಡಬ್ಬಿಯನ್ನು ತೊಳೆದು ಖಾಲಿ ತಂದುಕೊಟ್ಟಿದ್ದಳು. ಮನೆಯಲ್ಲಿ ಬೀಗದ ಕೈ ಅತ್ತೆಯ ಸೊಂಟದಲ್ಲಿ, ಒಂದು ಹಿಡಿ ಕಡಲೆಯನ್ನೂ ಕೇಳಿ ತೆಗೆಯಬೇಕಾದ ಕಾಲ. ಸೀತಮ್ಮನವರು ಅವಳ ಕೈಹಿಡಿದು ಹೇಳಿದ್ದರು: ನಮ್ಮಲ್ಲಿ ಯಾರೂ ಖಾಲಿ ಪಾತ್ರೆ ವಾಪಸ್ ಕಳ್ಸಲ್ಲ ಕಣಮ್ಮ. ಮನೇಲಿ ಏನೂ ಇಲ್ದಿದ್ರೆ ಒಂದು ಚಿಟಿಕೆ ಸಕ್ಕರೆ ಹಾಕ್ಕೊಡು. ಪಾತ್ರೆಯೊಳಗೆ ಎಷ್ಟಿದೆ ಅಂತ ನೋಡೋರು ನೆಂಟರಲ್ಲ.

ಎಷ್ಟೋ ವರ್ಷ ಆ ಮಾತಿನಲ್ಲಿ ಬದುಕಿ ಬದುಕಿ ಅದು ತನ್ನದೇ ಅನ್ನಿಸಿಬಿಟ್ಟಿತ್ತು. ಕಮಲಾದೇವಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ನನ್ನ ಮಾತನ್ನೇ ನಿನ್ನ ಬಾಯಲ್ಲಿ ಹೇಳಿಸಿ, ನನ್ನ ಮಾನಾನೇ ತೆಗೆದ್ರು," ಎಂದರು ಸೀತಮ್ಮನವರು. "ಅದೂ ಅರ್ಧ ಮಾತು. ಸಕ್ಕರೆ ಎಲ್ಲಿ ಹೋಯ್ತು ಕಮಲಾ? ಅದನ್ನ ನೀನು ಹೇಳ್ಲೇ ಇಲ್ವಾ?"

"ಹೇಳ್ದೆ! ದೇವರಾಣೆ ಹೇಳ್ದೆ. ಅವರು ಕತ್ತರಿಸಿದಾರೆ."

ಸೀತಮ್ಮನವರು ಅವಳ ಮುಖವನ್ನೇ ನೋಡಿದರು. ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. "ಡಬ್ಬಿ ಅಲ್ಲೇ ಇಟ್ಟು ಹೋಗು," ಎಂದು ಬಾಗಿಲು ಹಾಕಿಕೊಂಡರು.

ಲೈವ್ ದಿನ ಮಧ್ಯಾಹ್ನ ಕಮಲಾದೇವಿ ಬನಶಂಕರಿಯಲ್ಲಿ ಬಸ್ ಬದಲಿಸಿ ಕನಕಪುರ ರಸ್ತೆಯಲ್ಲಿ ಇಳಿದಳು. ಹೊಸ ಬ್ಲೌಸು ತೋಳಲ್ಲಿ ಬಿಗಿಯುತ್ತಿತ್ತು. ಆಫೀಸಿನಲ್ಲಿ ಬಾಳೆಕಂದು, ಹೂವಿನ ತೋರಣ, ಕ್ಯಾಮೆರಾ, ದೀಪ. ಸುಶ್ರುತನ ಗಡ್ಡ ಸೊಂಪಾಗಿತ್ತು, ಕಣ್ಣುಗಳು ಮಾತ್ರ ನಿದ್ದೆಗೆಟ್ಟಿದ್ದವು.

"ಆಂಟಿ, ಸಖತ್ತಾಗಿ ಕಾಣ್ತಿದೀರ! ಸಿಂಪಲ್. ನಾನು ಪಾತ್ರೆ ಕೊಡ್ತೀನಿ, ನೀವು ಆ ಲೈನ್ ಹೇಳ್ಬಿಡಿ, ಅಷ್ಟೇ."

"ಸುಶ್ರುತ, ಆ ಬೋರ್ಡು ತೆಗೆದ್ಬಿಡಪ್ಪ. ಇಲ್ಲಾಂದ್ರೆ ಸಕ್ಕರೇನಾದ್ರೂ ಹಾಕಿ. ಏನೂ ಇಲ್ದೋರು ಒಂದು ಚಿಟಿಕೆ ಹಾಕಿ ಕಳಿಸ್ಲಿ, ಪುಕ್ಸಟ್ಟೆ. ನಾನು ಹೇಳಿದ್ದು ಪೂರ್ತಿ ನಿನ್ನ ಹತ್ರ ಇದೆಯಲ್ಲ."

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಸಕ್ಕರೆ ನಾನೇ ಹಾಕಿದ್ದೆ ಆಂಟಿ. ಚಿತ್ರಾನೂ ನಾನೇ ಬರೆದಿದ್ದೆ. ಅದಿದ್ರೆ ಬುಟ್ಟಿ ಯಾರು ಕೊಳ್ತಾರೆ ಅಂತ ಮೇಲಿನವರು ತೆಗೆಸಿದ್ರು. ಹಬ್ಬ ಮುಗೀಲಿ, ಮಾತಾಡ್ತೀನಿ."

"ಹಬ್ಬ ಮುಗಿಯೋ ಹೊತ್ತಿಗೆ ಎಷ್ಟು ಮನೆ ಮುರಿದಿರ್ತವೋ."

"ಪ್ಲೀಸ್ ಆಂಟಿ. ಇವತ್ತೊಂದು ದಿನ."

ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಕರುಳೂ ಚುರ್ ಎಂದಿತು. ಕೆಟ್ಟವನಲ್ಲ. ಕೆಟ್ಟವರ ಕೈಗೆ ತನ್ನ ಕೂಸನ್ನು ಕೊಟ್ಟು, ಈಗ ಅದು ಅತ್ತರೂ ಎತ್ತಿಕೊಳ್ಳಲಾರದವನು. ಆದರೆ ಆ ಕೂಸಿಗೆ ತಾನೂ ನೀರು ಹೊಯ್ದಿದ್ದಳಲ್ಲ, ತನ್ನಂಥವರು ಹೊಯ್ದಿದ್ದರಲ್ಲ. ಅವರ ಮಾತಿಗೆ ಬೆಲೆಯೇ ಇಲ್ಲವೇ?

ಲೈವ್ ಶುರುವಾಯಿತು. ಎದುರಿನ ಪರದೆಯಲ್ಲಿ ನೋಡುವವರ ಮಾತುಗಳು ಸರಸರನೆ ಮೇಲೇರುತ್ತಿದ್ದವು. 'ಬೋರ್ಡ್ ತೆಗೀರಿ.' 'ಗೌರಮ್ಮ ನಿಮಗೆ ಒಳ್ಳೇದು ಮಾಡಲ್ಲ.' ನಡುವೆ ರೇಣುಕವ್ವನ ಹೆಸರು: 'ಅಯ್ಯ, ಇದು ನಮ್ಮ ಕಮಲಕ್ಕ ಅಲ್ಲೇನ್ರಿ? ಈಕೀನೇನು?'

ಸುಶ್ರುತ ನಗುತ್ತಾ ಹೊಳೆಯುವ ಒಂದು ಪಾತ್ರೆಯನ್ನು ಅವಳ ಕೈಗಿತ್ತ. "ಹೇಳಿ ಆಂಟಿ, ನಮ್ಮಲ್ಲಿ?"

"ನಮ್ಮಲ್ಲಿ ಯಾರೂ ಖಾಲಿ ಪಾತ್ರೆ ವಾಪಸ್ ಕಳ್ಸಲ್ಲ," ಎಂದಳು. ಸುತ್ತ ಚಪ್ಪಾಳೆ. ಅವಳು ಪಾತ್ರೆಯನ್ನು ಕೆಳಗಿಡಲಿಲ್ಲ. ಬಳೆ ಪಾತ್ರೆಗೆ ತಾಗಿ ಸದ್ದು ಮಾಡುತ್ತಿತ್ತು.

"ಇದು ನನ್ನ ಮಾತಲ್ಲ. ನಮ್ಮ ಹಿಂದಿನ ಕ್ರಾಸಿನ ಸೀತಮ್ಮನೋರ ಮಾತು. ನಂಗೆ ಹೇಳಿಕೊಟ್ಟೋರು ಅವರು. ಕಂಪನಿಗೆ ಹೇಳಿದ್ದು ಮಾತ್ರ ನಾನೇ. ರೇಣುಕವ್ವ, ನೀನು ಹುಡುಕ್ತಿದ್ದೆಯಲ್ಲ, ನಾನೇ ಕಣವ್ವ. ಆದ್ರೆ ಇದು ಅರ್ಧ. ಇನ್ನರ್ಧ ಕತ್ತರಿಸಿದಾರೆ."

ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹುಡುಗಿ ಸುಶ್ರುತನ ಮುಖ ನೋಡಿದಳು. ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದಳು. ಅವನು ಕೈ ಎತ್ತಿದ, ಎತ್ತಿದ ಕೈ ಹಾಗೇ ಉಳಿಯಿತು.

"ಮನೇಲಿ ಏನೂ ಇಲ್ದಿದ್ರೆ ಒಂದು ಚಿಟಿಕೆ ಸಕ್ಕರೆ ಹಾಕ್ಕೊಡು ಅಂದಿದ್ರು ಅವರು. ಒಳಗೆ ಎಷ್ಟಿದೆ ಅಂತ ನೋಡೋರು ನೆಂಟರಲ್ಲ ಅಂದಿದ್ರು. ಸೀತಮ್ಮನೋರ ಪಾತ್ರೆ ಯಾವತ್ತೂ ಖಾಲಿ ಬಂದಿಲ್ಲ. ಬೋರ್ಡಲ್ಲಿ ಇರೋದು ಸುಳ್ಳು..."

ಒಳಕೋಣೆಯಿಂದ ಯಾರೋ ಇಂಗ್ಲಿಷಿನಲ್ಲಿ ಕೂಗಿದರು. ಪರದೆ ಕಪ್ಪಾಯಿತು. ಸುಶ್ರುತನ ಕೈ ಆಗಲೂ ಕೆಳಗಿಳಿದಿರಲಿಲ್ಲ.

ಅವಳನ್ನು ಯಾರೂ ಬೈಯಲಿಲ್ಲ, ಯಾರೂ ಬಾಗಿಲವರೆಗೆ ಬರಲೂ ಇಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆಟ ತೆರೆದರೆ ಅವಳ ಹಿತ್ತಲಿಗೆ ಬೀಗ ಬಿದ್ದಿತ್ತು. 'ನಿಯಮ ಉಲ್ಲಂಘನೆಗಾಗಿ ನಿಮ್ಮ ಖಾತೆ ಮುಚ್ಚಲಾಗಿದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಕೊರೊನಾ ಕಾಲದಿಂದ ಸಾಕಿದ ದಾಸವಾಳ, ಬಸಳೆ, ಹೋಳಿಗೆ ಬೇಯಿಸಿದ ಆ ಪುಟ್ಟ ಒಲೆ, ಎಲ್ಲ ಹೋಗಿತ್ತು. ಇಲ್ಲದ ಗಿಡಕ್ಕೆ ಅಳುವುದೇ ಎಂದು ನೀವು ನಗಬಹುದು. ಅವಳು ಬನಶಂಕರಿ ಬರುವವರೆಗೂ ಅತ್ತಳು.

ಗುಂಪಿನಲ್ಲಿ ರೇಣುಕವ್ವನದೇ ಮೊದಲ ಮಾತು. "ಕಮಲಕ್ಕ, ನಿನ್ನ ಮ್ಯಾಲ ಸಿಟ್ಟದ ನನಗ. ಆದ್ರ ಹೇಳಿದ್ಯಲ್ಲ, ಆತು ಬಿಡು." ಅದರ ಬೆನ್ನಿಗೇ ಒಬ್ಬೊಬ್ಬರಾಗಿ ಆಟದಲ್ಲಿ ತಮ್ಮ ಹೆಸರನ್ನು 'ಒಂದು ಚಿಟಿಕೆ ಸಕ್ಕರೆ' ಎಂದು ಬದಲಿಸಿಕೊಂಡರು. ಈಗ ಬೀದಿ ಹಲಗೆ ತಾನೇ ಬರೆದುಕೊಳ್ಳಬೇಕಾಯಿತು: 'ಒಂದು ಚಿಟಿಕೆ ಸಕ್ಕರೆ ಅವರು ಪಾತ್ರೆಯನ್ನು ಖಾಲಿ ಮರಳಿಸಿದ್ದಾರೆ.' ಕಂಪನಿ ಬೋರ್ಡು ತೆಗೆಯಲಿಲ್ಲ, ಮಾತೂ ಆಡಲಿಲ್ಲ. ಆದರೆ ಆ ಬೋರ್ಡಿಗೆ ಹೆದರುವವರು ಕಡಿಮೆಯಾದರು.

ಕಮಲಾದೇವಿಗೆ ಅದ್ಯಾವುದೂ ಬೇಕಿರಲಿಲ್ಲ. ಹಿಂದಿನ ಕ್ರಾಸಿನಿಂದ ಫೋನ್ ಬರಲಿಲ್ಲ. ಗೌರಿ ಹಬ್ಬದ ದಿನ ಪೂಜೆ ಮುಗಿಸಿ, ಅನ್ನ ಸಾರಿನಲ್ಲೇ ಹಬ್ಬ ಮಾಡಿದಳು. "ಹೋಳಿಗೆ ಇಲ್ವಾ?" ಎಂದು ಕೇಳಲು ಬಾಯಿ ತೆರೆದ ಗುರುಬಸಪ್ಪ ಅವಳ ಮುಖ ನೋಡಿ ಉಪ್ಪಿನಕಾಯಿ ಕೇಳಿದ.

ಊಟದ ಹೊತ್ತು ಮೀರಿದ ಮೇಲೆ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಸೇತುರಾಮ ರಾಯರು. ಕೈಯಲ್ಲಿ ಅದೇ ಡಬ್ಬಿ. ಅವರ ಪಂಚೆ ಶಲ್ಯಗಳಿಂದ ತುಪ್ಪದ, ಏಲಕ್ಕಿಯ, ಕರಿಗಡುಬಿನ ವಾಸನೆ ಘಂ ಎಂದು ಹಬ್ಬದ ಮನೆಯನ್ನೇ ಹೊತ್ತು ತಂದಿತ್ತು. ಕಮಲಾದೇವಿಗೆ ಡಬ್ಬಿ ಈಸಿಕೊಳ್ಳಲು ಧೈರ್ಯ ಬರಲಿಲ್ಲ. ಗುರುಬಸಪ್ಪನೇ ತೆಗೆದುಕೊಂಡ. ಹಗುರವಾಗಿತ್ತು, ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ತೆಗೀರಿ," ಎಂದಳು, ಬೇರೆಡೆ ನೋಡುತ್ತಾ.

ಗುರುಬಸಪ್ಪ ಮುಚ್ಚಳ ತೆಗೆದ. ಅಷ್ಟು ದೊಡ್ಡ ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಸಕ್ಕರೆ ಇತ್ತು.

"ಮನೇಲಿ ಬೇರೇನೂ ಇರ್ಲಿಲ್ಲ ಅಂತ ಹೇಳ್ಬೇಕಂತಮ್ಮ," ಎಂದರು ರಾಯರು, ಮೀಸೆಗಂಟಿದ ಹೂರಣವನ್ನು ಒರೆಸಿಕೊಳ್ಳುತ್ತಾ.

ಕಮಲಾದೇವಿ ನಕ್ಕಳೋ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ. ಸಕ್ಕರೆಯನ್ನು ಬೆರಳಿಗಂಟಿಸಿ ನಾಲಿಗೆಗಿಟ್ಟುಕೊಂಡಳು. ರಾಯರು ಹೊರಡಲಿಲ್ಲ. ಹೇಳುವುದು ಇನ್ನೂ ಇದೆ ಎನ್ನುವ ಹಾಗೆ ಶಲ್ಯ ಸರಿಮಾಡಿಕೊಂಡರು.

"ಇನ್ನೊಂದು ಹೇಳಿದ್ಳು. ಡಬ್ಬಿ ಖಾಲಿ ಕಳಿಸ್ಬಾರ್ದಂತೆ. ನೀನು ಮಾಡಿದ ಹೋಳಿಗೆ ಹಾಕೇ ಕಳಿಸ್ಬೇಕಂತೆ." ಹೆಂಡತಿಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. "'ಫೋನಲ್ಲಿ ತಿಂದಿದ್ದು ಬಾಯಿಗೆ ಹತ್ತಲಿಲ್ಲ ಅಂತ ಹೇಳಿ' ಅಂದ್ಳು."

ಗುರುಬಸಪ್ಪ ರಾಯರಿಗೆ ಕುರ್ಚಿ ಎಳೆದು ಹಾಕಿದ. ಕಮಲಾದೇವಿ ಒಳಗೆ ಹೋಗಿ ಕಡಲೆಬೇಳೆಯ ಡಬ್ಬ ತೆಗೆದಳು.